ಹೊಂಗೆ ಮರದಡಿಯ ಬುತ್ತಿ

ಸ್ಕೂಲುಗಳ ಇನ್‌ಸ್ಪೆಕ್ಟರಾಗಿದ್ದಷ್ಟು ಕಾಲವೂ ನಾನು ಯಾವ ಮೇಷ್ಟರ ಮನೆಯಲ್ಲೂ ಉಂಡವನಲ್ಲ. ಒಂದೇ ಒಂದು ಸಲ ಉಂಡಿದ್ದೆ, ಅದನ್ನೂ ಹೇಳುತ್ತೇನೆ. ಹಿಂದೆಲ್ಲ ಈ ಮಾತನ್ನು ಎದೆ ಉಬ್ಬಿಸಿಕೊಂಡು ಹೇಳುತ್ತಿದ್ದೆ. ಈಗ ಹಾಗೆ ಹೇಳಲು ಬಾಯಿ ಬರುವುದಿಲ್ಲ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳು. ಹೊಸೂರಿನಲ್ಲಿ ನನ್ನ ಠಿಕಾಣಿ. ಅಲ್ಲಿಂದ ಡೆಂಕಣಿಕೋಟೆ, ಅಂಚೆಟ್ಟಿ, ನಾಟ್ರಾಂಪಾಳ್ಯದ ಕಾಡಿನವರೆಗಿನ ಶಾಲೆಗಳೆಲ್ಲ ನನ್ನ ಕೈಕೆಳಗೆ. ಹೆಚ್ಚಿನವು ಗ್ರಾಂಟಿನ ಶಾಲೆಗಳು. ಅಂದರೆ, ಊರಿನಲ್ಲಿ ಓದು ಬಲ್ಲ ಒಬ್ಬಾತ ತಾನೇ ಒಂದು ಗುಡಿಸಲು ಕಟ್ಟಿಕೊಂಡು ಪಾಠ ಹೇಳುತ್ತಾನೆ. ನಾನು ವರ್ಷಕ್ಕೊಂದು ಸಲ ಹೋಗಿ, ಹಾಜರಿ ಪುಸ್ತಕ ನೋಡಿ, ಮಕ್ಕಳ ತಲೆ ಎಣಿಸಿ ವರದಿ ಬರೆಯುತ್ತೇನೆ. ಆ ವರದಿಯ ಮೇಲೆ ಸರ್ಕಾರ ಅವನಿಗೆ ವರ್ಷದ ಗ್ರಾಂಟು ಕೊಡುತ್ತದೆ. ಆ ಹಣವೇ ಅವನ ಸಂಬಳ, ಅದರಲ್ಲೇ ಸ್ಲೇಟು ಬಳಪ, ಅದರಲ್ಲೇ ಮಳೆಗಾಲಕ್ಕೆ ಮಾಡಿಗೆ ಹೊದಿಸುವ ಹುಲ್ಲು. ನಾನು ಬರೆಯುವ ನಾಲ್ಕು ಸಾಲಿನ ಮೇಲೆ ಒಂದು ಮನೆಯ ಒಲೆ ಉರಿಯಬೇಕಾಗಿತ್ತು.

ಇಂಥವನ ಮುಂದೆ ಎಲೆ ಹಾಕಲು ಎಲ್ಲರೂ ಮುಂದು. ನನಗಿಂತ ಮೊದಲಿದ್ದವರು ಕೋಳಿಸಾರು ಯಾವ ಊರಿನಲ್ಲಿ ಚೆನ್ನಾಗಿರುತ್ತದೆ ಎಂದು ವಿಚಾರಿಸಿ ಸರ್ಕೀಟು ಹೊರಡುತ್ತಿದ್ದರಂತೆ. ನಾನೂ ಮೊದಲ ತಿಂಗಳು ಒಬ್ಬ ಮೇಷ್ಟರ ಮನೆಯಲ್ಲಿ ಒಬ್ಬಟ್ಟು ತಿಂದೆ. ಮೂರು ಒಬ್ಬಟ್ಟು, ಮೇಲೆ ಧಾರಾಳವಾಗಿ ತುಪ್ಪ. ಮಧ್ಯಾಹ್ನ ಆತನ ಶಾಲೆಗೆ ಹೋದರೆ, ಚಾಪೆಯ ಮೇಲೆ ಕೂತಿದ್ದ ಅರ್ಧ ಮಕ್ಕಳು ಬೆಳಿಗ್ಗೆ ಪಕ್ಕದ ಊರಿನ ಶಾಲೆಯಲ್ಲಿ ನನಗೆ ನಮಸ್ಕಾರ ಹೊಡೆದವರೇ! ತಪಾಸಣೆಯ ದಿನ ಮಕ್ಕಳನ್ನು ಎರವಲು ತಂದು ಕೂರಿಸುವುದು ಆ ಕಡೆ ಮಾಮೂಲು. ಸರಿಯಾಗಿ ಜಾಡಿಸೋಣವೆಂದು ಪೆನ್ನು ತೆಗೆದೆ. ಒಬ್ಬಟ್ಟು ಇನ್ನೂ ಗಂಟಲಲ್ಲೇ ಇತ್ತು. ಕೈ ಓಡಲಿಲ್ಲ. ‘ಶಾಲೆ ತೃಪ್ತಿಕರ’ ಎಂದು ಬರೆದು ಎದ್ದು ಬಂದೆ. ಥೂ ನನ್ನ ಜನ್ಮಕ್ಕಿಷ್ಟು ಎಂದುಕೊಂಡು ಅವತ್ತೇ ಆಣೆ ಹಾಕಿಕೊಂಡೆ. ಇನ್ನು ಮೇಲೆ ನನ್ನ ಬುತ್ತಿ ನನಗೆ, ನನ್ನ ನೀರು ನನಗೆ.

ಎರಡು ಡಬ್ಬಿಯ ಒಂದು ಹಿತ್ತಾಳೆ ಕ್ಯಾರಿಯರ್ ಕೊಂಡೆ. ಎಲ್ಲಿಗೆ ಹೋದರೂ ಅದು ನನ್ನ ಜೊತೆ. ಮೇಷ್ಟರು ಮಜ್ಜಿಗೆ ತಂದರೆ ಬೇಡ, ಎಳನೀರು ಕೆತ್ತಿದರೆ ಬೇಡ. ಒಬ್ಬ ಬಡಪಾಯಿ ಬಿಸಿಲಿಗೆ ಕೊಡೆ ಹಿಡಿಯಲು ಬಂದರೆ ಅವನಿಗೂ ಬೈದೆ. ಸುದ್ದಿ ಹಬ್ಬಲು ಹೆಚ್ಚು ದಿನ ಬೇಕಾಗಲಿಲ್ಲ. ಸುಳ್ಳು ಹಾಜರಿ ಹಾಕುತ್ತಿದ್ದವರು ನನ್ನ ಹೆಸರು ಹೇಳಿದರೆ ಬೆವರುತ್ತಿದ್ದರು. ಒಳ್ಳೆಯ ಮೇಷ್ಟರೂ ಬೆವರುತ್ತಿದ್ದರು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ನನ್ನ ಆಣೆ ನನ್ನ ಹೆಂಡತಿಯ ತಲೆಯ ಮೇಲೂ ಬಿತ್ತು. ಯಾರಾದರೂ ಮೇಷ್ಟರ ಹೆಂಡತಿ ಅರಿಶಿನ ಕುಂಕುಮಕ್ಕೆ ಕರೆದರೆ ಹೋಗಬೇಡ ಎಂದಿದ್ದೆ. ಒಂದು ಸಲ ಆಕೆ ಮಡಿಲಲ್ಲಿ ಒಂದು ತೆಂಗಿನಕಾಯಿ ಇಟ್ಟುಕೊಂಡು ಬಂದಳು. ನಾನು ಅದನ್ನು ಜವಾನನ ಕೈಯಲ್ಲಿ ವಾಪಸು ಕಳಿಸಿದೆ. ಆಮೇಲೆ ಯಾರೂ ಆಕೆಯನ್ನು ಕರೆಯಲಿಲ್ಲ. ಅಕ್ಕಿ ಸಿಗದ ಕಾಲ ಬೇರೆ. ಕೈಗೂಸನ್ನು ಎತ್ತಿಕೊಂಡು ಕೋಲಾರದ ಕಡೆಯ ತವರಿಗೆ ಹೊರಟಳು.

"ನಿಮಗೆ ಬೇಡ ಅನ್ನೋದೊಂದು ಬರುತ್ತೆ. ಬೇಕು ಅನ್ನೋಕೆ ಬರೋಲ್ಲ. ಇಂಥ ಮನೇಲಿ ಹೇಗಿರಲಿ ಹೇಳಿ?" ಎಂದಳು, ಬಸ್ಸು ಹತ್ತುವಾಗ.

ಎರಡು ತಿಂಗಳಿಗೆ ಬರುತ್ತೇನೆ ಎಂದವಳು ಎರಡು ವರ್ಷವಾದರೂ ಬರಲಿಲ್ಲ. ಸಂಜೆ ಹೊತ್ತು ನಾನು ಒಬ್ಬನೇ ಮೂಕಂಡಪಲ್ಲಿಯ ಹೊಲಗಳವರೆಗೆ ನಡೆದು ಹೋಗಿ ಹಿಂದಿರುಗುತ್ತಿದ್ದೆ. ದೂರದಲ್ಲಿ ನನ್ನನ್ನು ಕಂಡ ಮೇಷ್ಟರು ಬದುವಿಗೆ ಇಳಿದುಬಿಡುತ್ತಿದ್ದರು. ಮನೆಗೆ ಬಂದರೆ ಗೋಡೆಯಾಚೆ ಪಕ್ಕದವರು ಕೂತು ಹರಟುವುದು ಕೇಳಿಸುತ್ತಿತ್ತು. ಏನೋ ಹೇಳಿಕೊಂಡು ಬಿದ್ದು ಬಿದ್ದು ನಗುತ್ತಿದ್ದರು. ನಾನು ತಟ್ಟೆ ಹಿಡಿದು ಆ ಗೋಡೆಯ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದೆ. ಬಹಳ ಒಂಟಿಯಾಗಿದ್ದೆ. ಆಗ ಅದನ್ನು ಶಿಸ್ತು ಎಂದುಕೊಂಡಿದ್ದೆ.

ಜೊತೆಗಿದ್ದವನು ಜವಾನ ಒಬ್ಬನೇ. ಡೆಂಕಣಿಕೋಟೆ ಸೀಮೆಯವನು, ನನಗಿಂತ ಹದಿನೈದು ವರ್ಷ ದೊಡ್ಡವನು. ಮೂರು ಭಾಷೆ ಆಡುತ್ತಿದ್ದ: ಕಚೇರಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ನನ್ನ ಹತ್ತಿರ ಕನ್ನಡ. ನನ್ನ ಹತ್ತಿರ ಆಡುತ್ತಿದ್ದುದೇ ಎಲ್ಲಕ್ಕಿಂತ ಕಡಿಮೆ.

ಆ ವರ್ಷ ಕಾರ್ತಿಕ ಕಳೆಯುವ ಹೊತ್ತಿಗೆ, ರಾಗಿ ತೆನೆ ಬಲಿತು ಬಾಗುವ ದಿನಗಳಲ್ಲಿ, ಕಾಡಿನ ಒಂದು ಶಾಲೆಗೆ ಹೇಳದೆ ಕೇಳದೆ ಹೊರಟೆ. ಮುಂಚಿತವಾಗಿ ತಿಳಿಸಿದರೆ ಎರವಲು ಮಕ್ಕಳು ಬರುತ್ತಾರಲ್ಲ, ಅದಕ್ಕೆ. ಡೆಂಕಣಿಕೋಟೆಯವರೆಗೆ ಇದ್ದಿಲಿನಿಂದ ಓಡುವ ಬಸ್ಸು. ಏರು ಬಂದಾಗೆಲ್ಲ ನಾವೇ ಇಳಿದು ನೂಕಬೇಕು. ಅಂಚೆಟ್ಟಿಗೆ ಎತ್ತಿನ ಗಾಡಿ. ಅಲ್ಲಿ ಚಾವಡಿಯಲ್ಲಿ ಮಲಗಿ, ಬೆಳಿಗ್ಗೆ ಜವಾನ ಮಾಡಿಕೊಟ್ಟ ಮೊಸರನ್ನ ಕ್ಯಾರಿಯರಿಗೆ ತುಂಬಿಕೊಂಡು, ನಾಟ್ರಾಂಪಾಳ್ಯ ದಾಟಿ ಇನ್ನೂ ಆಚೆಗೆ ನಡೆದೆವು. ಆ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಅವರಿಗೆ ನನ್ನಿಂದ ಆಗಿದ್ದು ಸಾಕು.

ಶಾಲೆ ಅಂದರೆ ಮಣ್ಣಿನ ಗೋಡೆ, ಹುಲ್ಲಿನ ಮಾಡು, ಮುಂದೆ ಒಂದು ಹೊಂಗೆ ಮರ, ಪಕ್ಕದಲ್ಲೇ ಮೇಷ್ಟರ ಮನೆ. ಒಳಗೆ ನೋಡಿದರೆ ಮೂಗು ಸೋರುವ ಐದು ಪುಟ್ಟ ಮಕ್ಕಳು, ಅವರನ್ನು ನೋಡಿಕೊಂಡು ಮೇಷ್ಟರ ತಾಯಿ. ಮುದುಕಿ ಮೊರದಲ್ಲಿ ಕಾಳು ಕೇರುತ್ತಿದ್ದಳು. ಹಾಜರಿ ಪುಸ್ತಕ ತೆಗೆದೆ. ಇಪ್ಪತ್ತೆಂಟು ಹೆಸರು. ಇಪ್ಪತ್ತೆಂಟಕ್ಕೂ ಅವತ್ತಿನ ಹಾಜರಿ ಬಿದ್ದಿತ್ತು. ಶಾಯಿ ಇನ್ನೂ ಹೊಳೆಯುತ್ತಿತ್ತು. ಸಿಕ್ಕಿಬಿದ್ದೆಯಲ್ಲೋ ಮಗನೇ ಎಂದು ಮನಸ್ಸಿನಲ್ಲೇ ಕುಣಿದೆ, ಸುಳ್ಳೇಕೆ ಹೇಳಲಿ.

ಒಂದು ಗಳಿಗೆ ಬಿಟ್ಟು ಮೇಷ್ಟರು ಓಡುತ್ತ ಬಂದ. ಮೂವತ್ತರ ಆಸುಪಾಸು, ಕಡ್ಡಿಯಂತಹ ಆಳು. ಪಂಚೆ ಎತ್ತಿ ಕಟ್ಟಿದ್ದ, ಮೊಣಕಾಲಿನವರೆಗೆ ಕೆಸರು, ಹೆಗಲ ಮೇಲೆ ಸ್ಲೇಟಿನ ಹೊರೆ.

"ಮಕ್ಕಳೆಲ್ಲಿ ಮೇಷ್ಟ್ರೇ?"

"ಅವ್ರೆ ಸಾರ್, ಎಲ್ಲಾ ಅವ್ರೆ. ದಣ್ಕೊಂಡು ಬಂದಿದೀರಿ. ಮೊದ್ಲು ಮನೇಗೆ ಬನ್ನಿ, ಒಂದ್ ತುತ್ತು ಉಣ್ಣಿ. ಆಮ್ಯಾಕೆ ಎಲ್ಲಾನೂ ಯೋಳ್ತೀನಿ."

ನನ್ನ ಕೋಪ ಸದಾ ಮೂಗಿನ ತುದಿಯಲ್ಲೇ ಇರುತ್ತದೆ. ಒಬ್ಬಟ್ಟಿನ ದಿನ ಕಣ್ಣ ಮುಂದೆ ಬಂತು.

"ಉಂಡ ಮೇಲೆ ಹೇಳೋ ಮಾತು ಉಣ್ಣದೆ ಇದ್ರೆ ಬಾಯಿಗೆ ಬರಲ್ವೋ? ಇಲ್ಲೇ ಹೇಳಿ."

ಅವನು ತಾಯಿಯ ಮುಖ ನೋಡಿದ. ಮುದುಕಿ ಮೊರ ಕೆಳಗಿಟ್ಟು ಎದ್ದು ಬಂದಳು.

"ಮುದ್ದೆ ಮಾಡಿವ್ನಿ ಸ್ವಾಮಿ, ಅವರೆಕಾಳು ಸಾರು. ಬಿಸಿ ಐತೆ. ಕಾಡ್ನಾಗೆ ನಡ್ಕೊಂಡು ಬಂದೋರು ಹಸ್ಕೊಂಡು ನಿಂತ್ರೆ ನಮ್ಗೆ ಸರಿಹೋಗಾಕಿಲ್ಲ."

"ನಾನು ಯಾರ ಮನೇಲೂ ಉಣ್ಣಲ್ಲಮ್ಮ. ನೀರೂ ಕುಡಿಯಲ್ಲ" ಎಂದೆ. ಸ್ವಲ್ಪ ಜೋರಾಗಿಯೇ ಎಂದೆ. ಅಷ್ಟು ಹೊತ್ತಿಗೆ ಊರಿನ ಮೂವರು ಹಿರಿಯರು ಬಂದು ನಿಂತಿದ್ದರು, ಅವರಿಗೂ ಕೇಳಿಸಲಿ ಎಂದು.

ಮುದುಕಿಯ ಮುಖ ಇಳಿದುಹೋಯಿತು. ಮೊರ ಎತ್ತಿಕೊಂಡು ಒಳಗೆ ಹೋದಳು. ಹಿರಿಯರು ನೆಲ ನೋಡಿದರು. ಮೇಷ್ಟರ ಬಾಯಿ ಬೀಗ ಹಾಕಿದ ಹಾಗೆ ಮುಚ್ಚಿಕೊಂಡಿತು. ಮಕ್ಕಳೆಲ್ಲಿ ಎಂದು ಇನ್ನೂ ಮೂರು ಸಲ ಕೇಳಿದೆ. ಉತ್ತರವಿಲ್ಲ. ಹೊರೆಯಲ್ಲಿದ್ದ ಸ್ಲೇಟು ತೆಗೆದು ನೋಡಿದರೆ ಪ್ರತಿಯೊಂದರ ಮರದ ಚೌಕಟ್ಟಿನ ಮೂಲೆಯಲ್ಲೂ ಒಂದು ತೂತು.

"ಸರ್ಕಾರದ ದುಡ್ಡಿನ ಸ್ಲೇಟು! ಒಂದನ್ನೂ ಬಿಡದೆ ಕೊರೆದು ಹಾಕಿದ್ದೀರಲ್ರೀ. ಏನು ಬಂದಿತ್ತು ನಿಮಗೆ?"

ಅವನು ಸ್ಲೇಟನ್ನು ನನ್ನ ಕೈಯಿಂದ ತೆಗೆದುಕೊಂಡು ಹೊರೆಗೆ ಸೇರಿಸಿದ. ತಪ್ಪು ಮಾಡಿದವನಿಗೆ ಮಾತೆಲ್ಲಿಂದ ಬರಬೇಕು ಎಂದುಕೊಂಡೆ. ಹೊಂಗೆ ಮರದಡಿ ಹೋಗಿ, ಆ ಮನೆಗೆ ಬೆನ್ನು ಮಾಡಿ ಕೂತು, ಕ್ಯಾರಿಯರ್ ಬಿಚ್ಚಿ ನನ್ನ ಮೊಸರನ್ನ ಉಂಡೆ. ಕೈ ತೊಳೆದು, ಅಲ್ಲೇ ವರದಿ ಬರೆದೆ. ಹಾಜರಿ ಸುಳ್ಳು. ಶಾಲೆಯ ಸಾಮಾನು ಬೇಕೆಂದೇ ಹಾಳು ಮಾಡಲಾಗಿದೆ. ಕೇಳಿದ್ದಕ್ಕೆ ಮೇಷ್ಟರು ಉತ್ತರ ಕೊಡಲಿಲ್ಲ. ಈ ವರ್ಷದ ಗ್ರಾಂಟು ತಡೆಹಿಡಿಯತಕ್ಕದ್ದು. ಮೇಷ್ಟರ ಮುಂದೆ ಹಿಡಿದೆ. ಅವನು ಓದಿ, ರುಜು ಹಾಕಿ, ಪೆನ್ನನ್ನು ಎರಡು ಕೈಯಲ್ಲಿ ವಾಪಸು ಕೊಟ್ಟ.

ಜಿಲ್ಲಾ ಕಚೇರಿ ಎಂದೂ ಇಲ್ಲದಷ್ಟು ಬೇಗ ಕೆಲಸ ಮಾಡಿತು. ಗ್ರಾಂಟು ನಿಂತಿತು. ನನಗೊಂದು ಕಾಗದ ಬಂತು. ಜಿಲ್ಲೆಯ ಶಾಲೆಗಳ ದೊಡ್ಡ ಸಾಹೇಬರು ನನ್ನ ನಿಷ್ಠುರತೆಯನ್ನು ಮೆಚ್ಚಿ ಬರೆದಿದ್ದರು. ಕಾಗದಕ್ಕೆ ಬರವಿದ್ದ ಕಾಲ, ಯಾವುದೋ ಹಳೆಯ ಪಟ್ಟಿಯ ಬೆನ್ನ ಮೇಲೆ ಟೈಪು ಮಾಡಿಸಿದ್ದರು. ಅದನ್ನು ಯಾರಿಗಾದರೂ ತೋರಿಸಬೇಕೆಂದು ಬಹಳ ಆಸೆಯಾಯಿತು. ಮನೆಯಲ್ಲಿ ಯಾರಿದ್ದರು? ಜವಾನನಿಗೆ ಓದಿ ಹೇಳಿದೆ.

"ಒಳ್ಳೇದಾಯ್ತು ಸ್ವಾಮಿ" ಎಂದು ಹೇಳಿ ಲ್ಯಾಂಪಿನ ಗಾಜು ಒರೆಸಲು ಹೋದ.

ವರ್ಷ ಕಳೆಯಿತು. ಮತ್ತೆ ರಾಗಿ ಬಲಿಯುವ ದಿನಗಳು. ಗ್ರಾಂಟಿಲ್ಲದ ಶಾಲೆಯ ಹೆಸರನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳುವುದೇಕೆ ಎಂದು ಮೇಲಿನವರು ಅದರ ಮಾನ್ಯತೆ ರದ್ದು ಮಾಡುವ ಹುಕುಂ ಕಳಿಸಿದರು. ನಾನೇ ಹೋಗಿ, ಒಮ್ಮೆ ನೋಡಿ, ಮೇಷ್ಟರ ಕೈಗೆ ಕೊಟ್ಟು ಬರಬೇಕು. ಕೊಟ್ಟರೆ ಆ ಊರಿಗೆ ಶಾಲೆ ಮುಗಿಯಿತು. ಅಂಚೆಟ್ಟಿಗಿಂತ ಹತ್ತಿರ ಬೇರೆ ಶಾಲೆ ಇಲ್ಲ. ನಡುವೆ ಕಾಡು, ಕಾಡಿನಲ್ಲಿ ಆನೆ. ಯಾವ ತಾಯಿ ಮಗುವನ್ನು ಕಳಿಸಿಯಾಳು? ಹುಕುಮನ್ನು ಚೀಲದಲ್ಲಿಟ್ಟುಕೊಂಡು ಹೊರಟೆ.

ಊರು ಇನ್ನೂ ಅರ್ಧ ಮೈಲಿ ಇರುವಾಗ ದಾರಿ ಒಂದು ದಿಣ್ಣೆ ಹತ್ತುತ್ತದೆ. ಬೆಳಗಿನ ಬಿಸಿಲು ಚೆನ್ನಾಗಿ ಬಿದ್ದಿತ್ತು. ಕೆಳಗೆ ರಾಗಿ ಹೊಲಗಳು, ಹೊಲಕ್ಕೊಂದು ಮರ, ಮರದ ಕವಲಿನಲ್ಲಿ ಕಾವಲಿಗೆ ಕಟ್ಟಿದ ಅಟ್ಟಣೆ. ಒಂದೊಂದು ಅಟ್ಟಣೆಯ ಮೇಲೂ ಕವಣೆ ಹಿಡಿದ ಒಂದೆರಡು ಮಕ್ಕಳು. ಗಿಣಿಯ ಹಿಂಡು ಇಳಿದರೆ ಕೂಗು ಹಾಕಿ ಕಲ್ಲು ಬೀಸುತ್ತಿದ್ದರು. ಒಂದು ಮರದ ಕೆಳಗೆ ಒಬ್ಬ ಮನುಷ್ಯ ನಿಂತು ಮೇಲೆ ನೋಡಿಕೊಂಡು ಏನೋ ಹೇಳುತ್ತಿದ್ದ. ಮೇಲಿನಿಂದ ಹಗ್ಗ ಇಳಿಯಿತು. ಅವನು ಹೆಗಲಿನ ಹೊರೆಯಿಂದ ಒಂದು ಸ್ಲೇಟು ತೆಗೆದು, ಅದರ ತೂತಿಗೆ ಹಗ್ಗ ಪೋಣಿಸಿ ಗಂಟು ಹಾಕಿದ. ಸ್ಲೇಟು ಮೇಲೆ ಹೋಯಿತು. ಅವನು ಪಕ್ಕದ ಹೊಲದ ಮರದ ಕಡೆಗೆ ಓಡಿದ.

ಅಯ್ಯೋ ದೇವರೇ, ತೂತು! ಸಾಮಾನು ಹಾಳು ಮಾಡಿದ್ದಾನೆ ಎಂದು ಬರೆದಿದ್ದೆನಲ್ಲ, ಆ ತೂತು.

"ಇದೇನಯ್ಯ ಇದು?" ಎಂದು ಜವಾನನನ್ನು ಕೇಳಿದೆ.

"ಪಾಟ ಸ್ವಾಮಿ. ರಾತ್ರಿಯೆಲ್ಲಾ ಗಂಡುಸ್ರು ಆನೆ ಕಾದು ಹಗಲೊತ್ತು ಮಲಗ್ತಾರೆ. ಗಿಣಿ ಕಾಯಾಕೆ ಮಕ್ಳೇ ಬೇಕು. ಕೆಳಗಿಳುದ್ರೆ ತೆನೆ ಹೋಯ್ತು. ಅದ್ಕೇ ಮೇಷ್ಟ್ರೇ ಮರ ಮರ ಸುತ್ತಿ ಲೆಕ್ಕ ಕೊಟ್ಟು, ಆಮ್ಯಾಕೆ ಬಂದು ತಿದ್ದುತಾನೆ. ರಾಗಿ ಕುಯ್ಯೋಗಂಟ ಹಿಂಗೇಯ."

"ಹಾಜರಿ?"

"ಪುಸ್ತಕ ಇಸ್ಕೂಲು ಬುಟ್ಟು ಆಚೆ ತರಂಗಿಲ್ಲ ಅಂತ ನಿಮ್ದೇ ಕಾನೂನಲ್ವಾ? ಯಾವ ಮಗ ಯಾವ ಮರದ್ ಮ್ಯಾಗವ್ನೆ ಅಂತ ಬೆಳಗ್ಗೇನೇ ನೋಡ್ಕೊಂಡ್ ಬಂದು ಬರ್ಕೋತಾನೆ."

"ನಿನಗೆ ಹೋದ ವರ್ಷವೇ ಗೊತ್ತಿತ್ತೇನೋ?"

"ಗೊತ್ತಿತ್ತು ಸ್ವಾಮಿ."

"ಮತ್ತೆ ಬಾಯಿಗೇನಾಗಿತ್ತು ನಿನಗೆ? ಅವನಿಗೇನಾಗಿತ್ತು? ಮೂರು ಸಲ ಕೇಳಿದೆನಲ್ಲ!"

ಜವಾನ ಕ್ಯಾರಿಯರನ್ನು ಕೈ ಬದಲಾಯಿಸಿ ಹಿಡಿದ. "ನೀವು ಉಣ್ನಿಲ್ವಲ್ಲ ಸ್ವಾಮಿ. ಈ ಕಾಡಿನ ಕಡೆ ಬಂದೋರ್ಗೆ ಮೊದ್ಲು ಊಟ, ಆಮ್ಯಾಕೆ ಮಾತು. ಹಸ್ದೋರ್ ಮುಂದೆ ಕಷ್ಟ ಯೋಳಾಕಿಲ್ಲ. ಇನ್ನು ಹಾಕಿದ್ದು ಬ್ಯಾಡ ಅಂದೋರು ಅಂದ್ರೆ, ಅವ್ರು ಜಗಳಕ್ಕೆ ಬಂದೋರು ಅಂತ್ಲೇಯ. ಅಂತೋರ್ ಕುಟ್ಟೆ ಏನೂ ಯೋಳ್ಕೊಳ್ಳಾಕಿಲ್ಲ. ತಲೆ ತೆಗುದ್ರೂ ಯೋಳಾಕಿಲ್ಲ."

"ನೀನಾದರೂ ಹೇಳಬಾರದಿತ್ತೇ?"

"ನನ್ನ ನೀವು ಕೇಳಿದ್ರಾ ಸ್ವಾಮಿ?"

ಕೇಳಿರಲಿಲ್ಲ. ಅವನನ್ನು ನಾನು ಎಂದೂ ಏನೂ ಕೇಳಿದವನಲ್ಲ. ಅನ್ನ ಆಯಿತೇ, ಬಸ್ಸು ಬಂತೇ ಎಂದು ಬಿಟ್ಟರೆ.

ದಿಣ್ಣೆ ಇಳಿದು ಹೊಲಕ್ಕೆ ಹೋದೆ. ಮೇಷ್ಟರು ನನ್ನನ್ನು ಕಂಡು ಪಂಚೆ ಕೆಳಗೆ ಬಿಟ್ಟು ಕೈ ಮುಗಿದ. ವರ್ಷದಲ್ಲಿ ಇನ್ನೂ ಸೊರಗಿದ್ದ.

"ಸಂಬಳವಿಲ್ಲದೆ ಹೇಗೆ ಮೇಷ್ಟ್ರೇ?" ಎಂದೆ.

"ಎತ್ತು ಮಾರ್ದೆ ಸಾರ್."

"ಬಿಟ್ಟುಬಿಡಬಹುದಿತ್ತಲ್ಲ."

"ಒಂದ್ ವರ್ಸ ಬುಟ್ರೆ ಮಗ್ಗಿ ಎಲ್ಲಾ ಮರ್ತೋಗ್ತವೆ ಸಾರ್" ಎಂದ, ಮರದ ಕಡೆ ನೋಡುತ್ತ.

ಅಷ್ಟು ಹೊತ್ತಿಗೆ ಒಂದು ಸ್ಲೇಟು ಕೆಳಗಿಳಿದು ಬಂತು. ಗುಣಾಕಾರದ ಲೆಕ್ಕ. ನಾನೇ ತೆಗೆದುಕೊಂಡು ನೋಡಿದೆ. ಸರಿಯಾಗಿತ್ತು. ಮರ ಮರಕ್ಕೂ ಹೋದೆ. ಮೇಲಿನಿಂದಲೇ ಮಕ್ಕಳು ಪಾಠ ಓದಿದರು, ನಡುವೆ ಗಿಣಿ ಬಂದರೆ "ಹೋ" ಎಂದು ಕೂಗಿ, ನಿಲ್ಲಿಸಿದಲ್ಲಿಂದಲೇ ಮತ್ತೆ ಓದಿದರು. ಮಧ್ಯಾಹ್ನದ ಹೊತ್ತಿಗೆ ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು. ಮುದುಕಿ ಮನೆಯ ಬಾಗಿಲಲ್ಲಿ ನಿಂತಿದ್ದಳು. ಹೋಗಿ ಉಂಡುಬಿಡಲೇ ಅನ್ನಿಸಿತು. ಆದರೆ ಉಂಡು ವರದಿ ಬರೆದರೆ ಅದೇ ಒಬ್ಬಟ್ಟಿನ ಕಥೆಯಾಗುತ್ತದೆ. ಉಂಡವನು ಒಳ್ಳೆಯದು ಬರೆದ ಎಂದು ಯಾರಾದರೂ ಅಂದರೆ ಮೇಷ್ಟರಿಗೇ ಕೆಡುಕು. ಮೊದಲು ತಪ್ಪು ಸರಿಪಡಿಸುತ್ತೇನೆ, ಆಮೇಲೆ ಬಂದು ಇವರ ಮನೆಯಲ್ಲಿ ಹೊಟ್ಟೆ ತುಂಬ ಉಣ್ಣುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡು, ಹುಕುಮನ್ನು ಚೀಲದಿಂದ ತೆಗೆಯದೆ ಹಿಂದಿರುಗಿದೆ.

ಹೊಸೂರಿಗೆ ಬಂದ ಮೇಲೆ ನಾಲ್ಕು ದಿನ ಒದ್ದಾಡಿದೆ. ಸುಲಭದ ದಾರಿ ಒಂದಿತ್ತು. ಹುಕುಮನ್ನು ಏನೋ ನೆವ ಹೇಳಿ ಹಿಂದಕ್ಕೆ ಕಳಿಸುವುದು, ಈ ವರ್ಷ ಒಳ್ಳೆಯ ವರದಿ ಬರೆಯುವುದು, ಗ್ರಾಂಟು ಬರುತ್ತದೆ, ಹಳೆಯದು ಹೂತುಹೋಗುತ್ತದೆ. ನನ್ನ ಹೆಸರಿಗೂ ಧಕ್ಕೆಯಿಲ್ಲ. ಆದರೆ ಕಚೇರಿಯ ಕಡತದಲ್ಲಿ ಆ ಮನುಷ್ಯ ಸಾಯುವವರೆಗೂ ಸುಳ್ಳು ಹಾಜರಿ ಬರೆದವನಾಗಿಯೇ ಉಳಿಯುತ್ತಾನೆ. ಇನ್ನೊಂದು ಕಡೆ, ನನ್ನ ವರದಿ ತಪ್ಪು ಎಂದು ನಾನೇ ಬರೆದುಕೊಟ್ಟರೆ, ನಾನು ಗ್ರಾಂಟು ಕಡಿದ ನಿಜವಾದ ಕಳ್ಳರೆಲ್ಲ ಬೀದಿಯಲ್ಲಿ ನಿಂತು ನಗುತ್ತಾರೆ. ಅಲ್ಲಿ ತಪ್ಪಾದರೆ ಇಲ್ಲಿಯೂ ತಪ್ಪೇ ಅನ್ನುತ್ತಾರೆ. ಇಷ್ಟು ವರ್ಷ ಹೊಟ್ಟೆ ಕಟ್ಟಿ ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ. ಯಾರ ಹತ್ತಿರ ಕೇಳಲಿ? ನಾನು ಕೇಳಬಹುದಾದ ಒಂದು ಮನೆಯೂ ಹೊಸೂರಿನಲ್ಲಿರಲಿಲ್ಲ. ಹೆಂಡತಿಗೆ ಕಾಗದ ಬರೆಯಲು ಕೂತು ಎರಡು ಸಾಲು ಬರೆದು ಹರಿದು ಹಾಕಿದೆ.

ಐದನೆಯ ದಿನ ಹಳೆಯ ವರದಿಯ ನಕಲು ತೆಗೆದು ಓದಿದೆ. ‘ಕೇಳಿದ್ದಕ್ಕೆ ಮೇಷ್ಟರು ಉತ್ತರ ಕೊಡಲಿಲ್ಲ.’ ಅಕ್ಷರ ಅಕ್ಷರವೂ ನಿಜ. ಉಂಡ ಮೇಲೆ ಎಲ್ಲ ಹೇಳುತ್ತೇನೆ ಎಂದು ಅವನು ಅಂದಿದ್ದನ್ನು ಮಾತ್ರ ನಾನು ಬರೆದಿರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಕೈ ಶುದ್ಧವಾಗಿದ್ದರೆ ನ್ಯಾಯ ತಾನಾಗಿಯೇ ಬರುತ್ತದೆ ಎಂದುಕೊಂಡಿದ್ದೆ. ಎಂಥ ಮಬ್ಬು ನಾನು! ಅವತ್ತೇ ದೊಡ್ಡ ಸಾಹೇಬರಿಗೆ ಬರೆದೆ. ತಪ್ಪು ಮೇಷ್ಟರದಲ್ಲ, ಪೂರ್ತಿ ನನ್ನದು. ಹೋದ ವರ್ಷದ ಗ್ರಾಂಟು ಅವನಿಗೆ ಸಲ್ಲಬೇಕು. ರಾಗಿ ಕಾಯುವ ತಿಂಗಳುಗಳಲ್ಲಿ ಹೊಲದ ಪಾಠಕ್ಕೂ ಹಾಜರಿ ಹಾಕಲು ಅಪ್ಪಣೆಯಾಗಬೇಕು.

ಉತ್ತರ ಬರಲು ಮೂರು ತಿಂಗಳಾಯಿತು. ಮಾನ್ಯತೆ ಉಳಿಯಿತು, ಮುಂದಿನ ಗ್ರಾಂಟು ಸಿಕ್ಕಿತು, ಹೊಲದ ಪಾಠಕ್ಕೆ ಅಪ್ಪಣೆಯೂ ಆಯಿತು. ಹೋದ ವರ್ಷದ ಹಣ ಮಾತ್ರ ಇಲ್ಲ. ಆ ವರ್ಷದ ಲೆಕ್ಕ ಮುಚ್ಚಿದೆ, ತೆರೆಯಲಾಗುವುದಿಲ್ಲ. ನನಗೆ ಛೀಮಾರಿ ಬಂತು, ಈ ಸಲ ಹೊಸ ಕಾಗದದ ಮೇಲೆ. ಕಳ್ಳ ಮೇಷ್ಟರುಗಳು ಒಬ್ಬೊಬ್ಬರಾಗಿ ಅರ್ಜಿ ಹಾಕಿದರು. ನನಗೆ ಬರಬೇಕಾಗಿದ್ದ ಬಡ್ತಿ ಇನ್ನೊಬ್ಬರಿಗೆ ಹೋಯಿತು. ಇರಲಿ, ಅದಕ್ಕೆ ನಾನು ಅಳಲಿಲ್ಲ.

ಹೊಂಗೆ ಹೂ ಉದುರುವ ಕಾಲದಲ್ಲಿ ಮತ್ತೆ ಆ ಊರಿಗೆ ಹೊರಟೆ. ತಪಾಸಣೆಗಲ್ಲ, ಬರುತ್ತೇನೆ ಎಂದು ಮೊದಲೇ ಹೇಳಿ ಕಳಿಸಿದ್ದೆ. ಕಳೆದುಹೋದ ಗ್ರಾಂಟಿನಷ್ಟು ಹಣವನ್ನು ನನ್ನ ಸಂಬಳದಲ್ಲಿ ಉಳಿಸಿ ಲಕೋಟೆಯಲ್ಲಿ ಹಾಕಿ ಜೇಬಿನಲ್ಲಿಟ್ಟುಕೊಂಡಿದ್ದೆ. ಅಂಚೆಟ್ಟಿಯ ಚಾವಡಿಯಲ್ಲಿ ಜವಾನ ಒಲೆ ಹೂಡಲು ಕೂತಾಗ, "ಇವತ್ತು ಅಡಿಗೆ ಬೇಡ ಕಣಯ್ಯ" ಎಂದೆ. ಅವನು ನನ್ನ ಮುಖ ನೋಡಿದ. ಅವನು ನಕ್ಕಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ಖಾಲಿ ಕ್ಯಾರಿಯರನ್ನು ಅಭ್ಯಾಸಬಲದಿಂದ ಎತ್ತಿಕೊಂಡ. ನಾನೂ ಬೆಳಿಗ್ಗೆಯಿಂದ ಏನೂ ತಿನ್ನಲಿಲ್ಲ. ಮದುವೆ ಮನೆಗೆ ಹೋಗುವವನ ಹಾಗೆ ಹಸಿವು ಕಾಪಾಡಿಕೊಂಡು ನಡೆದೆ.

ಊರಿಗೆ ಹೋದಾಗ ಬಿಸಿಲು ನೆತ್ತಿಗೆ ಬಂದಿತ್ತು. ಮೇಷ್ಟರು ಎದುರು ಬಂದು ಕೈ ಮುಗಿದ. ಮನೆಯ ಒಳಗಿನಿಂದ ಹುರುಳಿ ಸಾರಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ಜಗಲಿಯ ಮುಂದೆ ನಿಂತು ಲಕೋಟೆ ತೆಗೆದು ಅವನ ಮುಂದೆ ಹಿಡಿದೆ.

"ಇದು ನಿಮ್ಮ ಹೋದ ವರ್ಷದ್ದು ಮೇಷ್ಟ್ರೇ. ನನ್ನಿಂದ ಹೋಯಿತು, ನಾನೇ ಕೊಡಬೇಕು."

ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಬ್ಯಾಡ ಸಾರ್. ಸರ್ಕಾರದ್ದಾದ್ರೆ ಇಸ್ಕೊಂಡಿರೋನು. ಇದು ನಿಮ್ ಕೈದು. ನಿಮ್ ಮ್ಯಾಲೆ ಮೊದ್ಲು ನಂಗೆ ಬೇಜಾರಿತ್ತು, ಸುಳ್ಯಾಕೆ. ನಮ್ಮವ್ವ ವರ್ಸಪೂರ್ತಿ ಬೈದ್ಲು. ಆಮ್ಯಾಕೆ ನೀವು ತಪ್ಪು ನಿಮ್ದೇ ಅಂತ ಬರ್ಕೊಟ್ರಿ ಅಂತ ಗೊತ್ತಾಯ್ತು. ಯಾರ್ ತಾವೂ ಏನೂ ಇಸ್ಕೊಳ್ದೆ ಇರೋದ್ರಿಂದ್ಲೇ ಅಂಥಾ ಧೈರ್ಯ ಬತ್ತದೆ, ನಾನೂ ಹಂಗೇ ಇರ್ಬೇಕು ಅಂದ್ಕೊಂಡೆ. ಹೋದ್ ಯುಗಾದಿಗೆ ಊರೋರು ಕೊಟ್ಟ ಅಕ್ಕೀನೂ ವಾಪಸ್ ಕಳಿಸ್ಬುಟ್ಟೆ. ನಿಮ್ಮಿಂದ್ಲೇ ಕಲ್ತಿದ್ದು ಸಾರ್."

ಲಕೋಟೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡೆ. ಅಯ್ಯೋ, ಇದನ್ನು ಕಲಿಯಬೇಡವೋ ಮಾರಾಯ ಎನ್ನಬೇಕೆಂದುಕೊಂಡೆ.

ಅಷ್ಟರಲ್ಲಿ ಅವನ ತಾಯಿ ಹೊರಗೆ ಬಂದಳು. ಈಗ ಆಕೆಯ ಮುಖದಲ್ಲಿ ಸಿಟ್ಟಿರಲಿಲ್ಲ.

"ಬಂದ್ರಾ ಸ್ವಾಮಿ? ನೀವು ಬತ್ತೀರಿ ಅಂತ ಬೆಳಗ್ಗೇನೇ ಹೊಂಗೆ ಮರದಡಿ ಗುಡ್ಸಿ ಸಗಣಿ ಹಾಕಿ ಸಾರ್ಸಿವ್ನಿ. ನೆಳ್ಳು ಚೆಂದಾಗೈತೆ. ನಿಮ್ ಬುತ್ತಿ ಅಲ್ಲೇ ಆರಾಮಾಗಿ ಉಣ್ಣಿ. ನಾವು ಯಾರೂ ಬಂದು ಬಲವಂತ ಮಾಡಾಕಿಲ್ಲ, ಮೊದ್ಲ್ ಸಲ ಬಂದಾಗ ತಿಳೀದೆ ಮಾಡ್ಬುಟ್ಟೊ."

ಮರದ ಕಡೆ ನೋಡಿದೆ. ಊರ ತುಂಬ ಹೊಂಗೆ ಹೂ ಬಿದ್ದಿತ್ತು. ಆ ಮರದ ಬುಡದಲ್ಲಿ ಮಾತ್ರ ಒಂದು ಹೂ ಇಲ್ಲದ ಹಾಗೆ ಗುಡಿಸಿ, ಸಾರಿಸಿ, ಅಂಚಿಗೆ ಒಂದು ಎಳೆ ರಂಗೋಲಿಯನ್ನೂ ಹಾಕಿದ್ದಳು.

‘ಅಮ್ಮಾ, ನನಗೆ ಹಸಿವಾಗಿದೆ, ಒಂದು ಮುದ್ದೆ ಹಾಕು’ ಎಂದುಬಿಟ್ಟಿದ್ದರೆ ಆಗುತ್ತಿತ್ತು. ಅಷ್ಟೇ ಮಾತು. ನಾಲಿಗೆ ತುದಿಗೆ ಬಂತು. ಆದರೆ ಪಕ್ಕದಲ್ಲಿ ಮೇಷ್ಟರು, ನನ್ನಿಂದಲೇ ಕಲಿತೆ ಎಂದವನು, ನನ್ನನ್ನು ನೋಡಿಕೊಂಡು ನಿಂತಿದ್ದ. ಬೇಕು ಅನ್ನಲು ನನಗೆ ಬರುವುದಿಲ್ಲ ಎಂದು ಹೆಂಡತಿ ಹೇಳಿದ್ದಳಲ್ಲ. ಬರಲಿಲ್ಲ.

"ಒಳ್ಳೆಯದಮ್ಮ" ಎಂದೆ.

"ನೀವಾದ್ರೂ ಒಳಕ್ಕೆ ಬನ್ನಿ ಅಣ್ಣ, ಉಣ್ಣೀವ್ರಂತೆ" ಎಂದು ಆಕೆ ಜವಾನನನ್ನು ಕರೆದಳು. ಅವನು ನನ್ನ ಕಡೆ ನೋಡಿದ. ಬಾಯಿ ತೆರೆಯಲು ಹೊರಟಿದ್ದ. ತುಟಿ ಬಿಚ್ಚಬೇಡ ಎಂದು ಕಣ್ಣಲ್ಲೇ ಗದರಿ, "ಹೋಗಯ್ಯ, ಉಂಡು ಬಾ" ಎಂದೆ. ಕ್ಯಾರಿಯರನ್ನು ಅವನ ಕೈಯಿಂದ ನಾನೇ ತೆಗೆದುಕೊಂಡೆ. ಎಷ್ಟು ಹಗುರ ಎಂದು ಯಾರಿಗೂ ತಿಳಿಯದ ಹಾಗೆ ಸ್ವಲ್ಪ ವಾಲಿಸಿ ಹಿಡಿದು ನಡೆದೆ.

ಸಾರಿಸಿದ ನೆಲದ ಮೇಲೆ ಮನೆಗೆ ಬೆನ್ನು ಮಾಡಿ ಕೂತೆ. ಕೊಂಡಿ ತೆಗೆದು, ಎರಡು ಡಬ್ಬಿಯನ್ನೂ ಬಿಡಿಸಿ ಮುಂದಿಟ್ಟುಕೊಂಡೆ. ಹಿತ್ತಾಳೆಯ ತಳದಲ್ಲಿ ನನ್ನ ಮುಖ ಮಸುಕಾಗಿ ಕಾಣುತ್ತಿತ್ತು. ಹಿಂದೆ, ಮನೆಯೊಳಗಿನಿಂದ ಮಾತು ಕೇಳಿಸುತ್ತಿತ್ತು. ಮುದುಕಿ ಜವಾನನಿಗೆ ಬಡಿಸುತ್ತ ಎಲ್ಲವನ್ನೂ ಹೇಳುತ್ತಿದ್ದಳು: ಮಾರಿದ ಎತ್ತು ಕೊಂಡವನ ಮನೆಯಿಂದ ಎರಡು ಸಲ ತಪ್ಪಿಸಿಕೊಂಡು ಬಂದಿದ್ದು, ಮಗನಿಗೆ ಹೆಣ್ಣು ಕೊಡುತ್ತೇವೆ ಎಂದವರು ಗ್ರಾಂಟು ನಿಂತ ಮೇಲೆ ಆ ಕಡೆ ಬರದೇ ಹೋದದ್ದು, ತನ್ನ ಮಂಡಿನೋವು. ಮಧ್ಯೆ ಮಧ್ಯೆ ಮೇಷ್ಟರೂ ಏನೋ ಸೇರಿಸುತ್ತಿದ್ದ. ಒಂದು ಸಲ ಮೂವರೂ ನಕ್ಕರು.

ಒಬ್ಬ ಮನುಷ್ಯ ಉಣ್ಣಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂತಿದ್ದೆ. ಆಮೇಲೆ ಡಬ್ಬಿ ಜೋಡಿಸಿ, ಮುಚ್ಚಳ ಹಾಕಿ ಎದ್ದೆ.